ನೀವು ಹೇಳಿದಂಗೆ

ಜೂನ್ 9, ಸೋಮವಾರ. ರಾತ್ರಿ

ಸಾಗರದಲ್ಲಿ ಬೆಳಗಿನಿಂದ ಮಳೆ ಬಿಟ್ಟಿಲ್ಲ. ಆದರೂ ಕ್ಲಿನಿಕ್ ತುಂಬಿತ್ತು. ಮೇಷ್ಟ್ರು ಬಂದಿದ್ದರು, ಕೈಯಲ್ಲಿ ದಪ್ಪ ರಿಪೋರ್ಟು. ಬೆಂಗಳೂರಿನ ಮಗ ಮಾಡಿಸಿದ ಫುಲ್ ಬಾಡಿ ಚೆಕಪ್. ಪ್ರೋಸ್ಟೇಟಿನ ರಕ್ತಪರೀಕ್ಷೆ ಪಿಎಸ್‌ಎ 6.8, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ‘ಹೈ’. 4 ದಾಟಿದರೆ ಲ್ಯಾಬಿನವರು ಹಾಗೇ ಅಚ್ಚು ಹಾಕುತ್ತಾರೆ. ಮೇಷ್ಟ್ರಿಗೆ 73.

“ಕ್ಯಾನ್ಸರ್ರಾ ಡಾಕ್ಟ್ರೇ?” ಕೇಳಿದ್ದು ಅವರ ಹೆಂಡತಿ.

ಮೇ ಕೊನೆಗೆ ಉರಿಮೂತ್ರ, ಜ್ವರ ಇತ್ತಂತೆ. ಸೋಂಕಿಗೂ ಏರುತ್ತೆ, ವಯಸ್ಸಿಗೆ ಪ್ರೋಸ್ಟೇಟ್ ದಪ್ಪಗಾದರೂ ಏರುತ್ತೆ ಎಂದೆ. ಆರೆಂಟು ವಾರ ಬಿಟ್ಟು ಮತ್ತೊಮ್ಮೆ ನೋಡಬಹುದು. ಈಗಲೇ ಯೂರಾಲಜಿಸ್ಟ್ ಹತ್ರ ಹೋಗಲೂಬಹುದು. ಯಾವುದು?

ಮೇಷ್ಟ್ರು ಕೈ ಮುಗಿದರು. “ನೀವು ಹೇಳಿದಂಗೆ.”

ಊರಿಗೆಲ್ಲ ಪಾಠ ಹೇಳಿದ ಮನುಷ್ಯ.

ಜೂನ್ 10. ರಾತ್ರಿ

ಮಗುವಿಗೆ ಎರಡು ದಿನದ ಜ್ವರ. ಅಪ್ಪ ಒಳಗೆ ಬರುತ್ತಲೇ “ಟೈಫಾಯ್ಡ್ ಟೆಸ್ಟ್ ಬರ್ಕೊಡಿ” ಅಂದ. ಟೈಫಾಯ್ಡಿನ ವಿಡಾಲ್ ಟೆಸ್ಟ್ ಬಂದದ್ದು 1896ರಲ್ಲಿ, ಇನ್ನೂ ನಮ್ಮನ್ನು ಬಿಟ್ಟಿಲ್ಲ. ಒಂದೇ ಸಲದ ವಿಡಾಲ್ ನಂಬಿ ಮಾತ್ರೆ ಕೊಡಲಾಗದು, ಹಳೇ ಸೋಂಕಿಗೂ ಪಾಸಿಟಿವ್ ಬರುತ್ತೆ ಅಂತ ವಿವರಿಸಿದೆ. ತಲೆಯಾಡಿಸಿದ. ಸಂಜೆ ಎದುರಿನ ಲ್ಯಾಬಿನಲ್ಲಿ ಮಾಡಿಸಿಕೊಂಡು ರಿಪೋರ್ಟ್ ತಂದ.

ಬೇಸರವಾಯಿತು. ಆಮೇಲೆ ಅನಿಸಿತು: ನಾನು ವಿವರಿಸಿದೆ, ಯಾಕೆ ಬೇಕು ಅಂತ ಕೇಳಲಿಲ್ಲ. ಮನೆಯಲ್ಲಿ ಯಾರಿಗಾದರೂ ಟೈಫಾಯ್ಡ್ ಆಗಿ ಕೈಮೀರಿತ್ತೇನೋ. ಇರಬಹುದು. ಇರದೆಯೂ ಇರಬಹುದು.

ಜೂನ್ 12. ರಾತ್ರಿ

ಅಮೆರಿಕದಲ್ಲಿ 2012ರಲ್ಲಿ ಶುರುವಾದ ‘ಚೂಸಿಂಗ್ ವೈಸ್ಲಿ’ ಅಭಿಯಾನದ ಐದು ಪ್ರಶ್ನೆ ಕನ್ನಡದಲ್ಲಿ ಬರೆದು ಮೇಜಿನ ಮೇಲಿಟ್ಟೆ. ಈ ಪರೀಕ್ಷೆ ನನಗೆ ಬೇಕೇ ಬೇಕಾ? ಅಪಾಯ ಏನು? ಇದಕ್ಕಿಂತ ಸುಲಭದ್ದು ಇದೆಯಾ? ಸುಮ್ಮನಿದ್ದರೆ ಏನಾಗುತ್ತೆ? ಖರ್ಚೆಷ್ಟು?

ಐದನೆಯದನ್ನು ಎಲ್ಲರೂ ಕೇಳುತ್ತಾರೆ. ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ.

ಬೀಡಿ ಕಟ್ಟುವ ಹೆಂಗಸು, ಸೊಂಟನೋವು, ಎಂಆರ್‌ಐಗೆ ಸಾಲ ಮಾಡಲೂ ತಯಾರು. ಕಾಲಲ್ಲಿ ಶಕ್ತಿ ಸರಿಯಿದೆ, ಮೂತ್ರದ ತೊಂದರೆಯಿಲ್ಲ, ಜ್ವರವಿಲ್ಲ. ನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲೂ ನೂರಕ್ಕೆ ಸುಮಾರು 30 ಜನರ ಸ್ಕ್ಯಾನಿನಲ್ಲಿ ಡಿಸ್ಕ್ ಉಬ್ಬಿರುತ್ತೆ. ಇದನ್ನು ಹೇಳಲಿಲ್ಲ. “ಸ್ಕ್ಯಾನಿನಲ್ಲಿ ಏನು ಬರುತ್ತೆ ಅಂತ ಹೆದರಿಕೆ?” ಎಂದೆ. ಅಕ್ಕ ಹಾಸಿಗೆ ಹಿಡಿದಿದ್ದಳಂತೆ. ಅದನ್ನೇ ಹತ್ತು ನಿಮಿಷ ಹೇಳಿದಳು. ಕೊನೆಗೆ “ಆರು ವಾರ ನೋಡಾಣ” ಎಂದಳು, ತಾನಾಗಿ.

ಹೊರಗಿದ್ದವರು ಅಷ್ಟೂ ಹೊತ್ತು ಬೈದುಕೊಂಡಿರಬೇಕು.

ಜೂನ್ 14, ಶನಿವಾರ

ಮೇಷ್ಟ್ರ ಮಗನ ಫೋನು. “ಬಯಾಪ್ಸಿ ಮಾಡಿಸೋಕೆ ಏನ್ಸಾರ್ ಪ್ರಾಬ್ಲಮ್ಮು?” ರಕ್ತ ಹೋಗಬಹುದು, ಸೋಂಕು ತಗಲಬಹುದು. ಅದಕ್ಕೂ ಮುಂಚೆ ಎಂಆರ್‌ಐ ಒಂದಿದೆ. ಪಿಎಸ್‌ಎ ಬಗ್ಗೆ ಅಮೆರಿಕದ ರೋಗತಡೆ ಟಾಸ್ಕ್ ಫೋರ್ಸ್ 2018ರಲ್ಲಿ ಹೇಳಿದ್ದು: 55ರಿಂದ 69 ಆದರೆ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸಿ, 70 ದಾಟಿದವರಿಗೆ ಲಕ್ಷಣವಿಲ್ಲದೆ ಈ ಟೆಸ್ಟೇ ಬೇಡ.

“ಮಾಡಿಸಿ ಆಗಿದೆಯಲ್ಲ ಸಾರ್ ಈಗ.”

ಅವನ ಮಾತೂ ಸರಿ. ಕಂಡ ಅಂಕಿಯನ್ನು ಕಾಣದ ಹಾಗೆ ಮಾಡಲಾಗದು.

ಜೂನ್ 16. ನಿದ್ದೆಯಿಲ್ಲ

ಮೇಷ್ಟ್ರಿಗೆ ನಾನು ಮೊದಲು ಹೇಳಿದ್ದು ಸೋಂಕಿನ ಮಾತು. ಕ್ಯಾನ್ಸರ್ ಮಾತನ್ನು ಮೊದಲು ಹೇಳಿದ್ದರೆ ಅವರು ಆ ರಾತ್ರಿಯೇ ರೈಲು ಹತ್ತುತ್ತಿದ್ದರು. ಯಾವುದು ಮುಂಚೆ, ಯಾವುದು ಆಮೇಲೆ ಅಂತ ಆರಿಸಿದವನು ನಾನೇ. ಹಾಗಿದ್ದ ಮೇಲೆ ‘ನೀವೇ ನಿರ್ಧರಿಸಿ’ ಅನ್ನುವುದು ಎಷ್ಟು ನಿಜ?

ಅವರ ‘ನೀವು ಹೇಳಿದಂಗೆ’ಯಲ್ಲಿ ಮೋಸವಿಲ್ಲ. ನನ್ನದರಲ್ಲಿ?

ಜುಲೈ 28, ಸೋಮವಾರ

ಮೇಷ್ಟ್ರ ಪಿಎಸ್‌ಎ ಮರುಪರೀಕ್ಷೆ: 4.9. ಇಳಿದಿದೆ. 4ರ ಒಳಗೆ ಬಂದಿಲ್ಲ.

ಈ ಸಲ ಮೊದಲು ಕೇಳಿದೆ, ಕ್ಯಾನ್ಸರ್ ಇದೆ ಅಂತಾದರೆ ಏನು ಮಾಡಬೇಕು ಅಂತಿದ್ದೀರಿ? ಮೇಷ್ಟ್ರು ತುಂಬ ಹೊತ್ತು ಸುಮ್ಮನಿದ್ದು, “ಆಪರೇಷನ್ ಅಂತೂ ಇಲ್ಲ. ಆರು ತಿಂಗಳು ಬಿಟ್ಟು ನೋಡಾಣ” ಎಂದರು. ಹೆಂಡತಿ ಮುಖ ತಿರುಗಿಸಿದರು. “ಇವರಿಗೇನು, ಮಲಗಿದ ತಕ್ಷಣ ನಿದ್ದೆ. ಎದ್ದು ಕೂರೋಳು ನಾನು.” ಅವರನ್ನು ನಾನು ಕೇಳಿರಲೇ ಇಲ್ಲ. ಬರುವ ವಾರ ಇಬ್ಬರೂ ಬರಲಿ ಎಂದೆ, ಮಗನನ್ನೂ ಫೋನಿನಲ್ಲಿ ಕೂರಿಸಿಕೊಂಡು.

ಊಟಕ್ಕೆ ಕೂತಾಗ ನನ್ನ ಹೆಂಡತಿಗೆ ಹೇಳಿದೆ, ಹೆಸರು ಹೇಳದೆ.

“ನಿಮಗೂ 57 ಆಯ್ತು. ನೀವು ಮಾಡಿಸಿದ್ರಾ?”

“ಇಲ್ಲ. ಯೋಚನೆ ಮಾಡಿಯೇ ಬಿಟ್ಟಿದ್ದು.”

“ಯಾರ ಹತ್ರ ಮಾತಾಡಿ?”

ನಾಳೆ ಮಾತಾಡಬೇಕಂತೆ. ಐದು ಪ್ರಶ್ನೆಯ ಚೀಟಿ ತರಕೂಡದಂತೆ. ಅವಳದೇ ಪ್ರಶ್ನೆಗಳಿವೆಯಂತೆ.