ಟೀವಿ ಒಪ್ಪದ ಮದುವೆ

ನಮ್ಮ ಮನೆತನದಲ್ಲಿ ಪ್ರತಿ ಮದುವೆಯೂ ಎರಡು ಸಲ ನಡೆಯುತ್ತದೆ. ಒಂದು ಸಲ ಛತ್ರದಲ್ಲಿ, ಇನ್ನೊಂದು ಸಲ ಟೀವಿಯಲ್ಲಿ. ಛತ್ರದಲ್ಲಿ ನಡೆದದ್ದನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಧಾರೆಯ ಹೊತ್ತಿಗೆ ದೊಡ್ಡಮ್ಮ ಸ್ಟೋರ್ ರೂಮಿನ ಬೀಗದ ಕೈ ಹುಡುಕುತ್ತಿರುತ್ತಾಳೆ, ಮಾವ ಮೊದಲನೇ ಪಂಕ್ತಿಯಲ್ಲಿ ಜಾಗ ಹಿಡಿಯಲು ಹೋಗಿರುತ್ತಾರೆ, ಚಿಕ್ಕಪ್ಪ ಬಾಗಿಲಲ್ಲಿ ಬಂದವರಿಗೆಲ್ಲ ಕೈ ಮುಗಿಯುತ್ತಿರುತ್ತಾನೆ. ಕೆಲಸವಿಲ್ಲದೆ ಮಂಟಪದ ಎದುರು ಕೂತವರಿಗಾದರೂ ಕಾಣುವುದೇನು? ವಿಡಿಯೋದವರ ಬೆನ್ನು. ನಾವು ಎಸೆಯುವ ಅಕ್ಷತೆಯೂ ಹೆಚ್ಚುಕಮ್ಮಿ ಆ ಬೆನ್ನಿಗೇ ಬೀಳುತ್ತದೆ.

ಹಾಗಾಗಿ ನಮಗೆ ನಿಜವಾದ ಮದುವೆ ಎಂದರೆ ವಿಡಿಯೋ ಕೈಗೆ ಬಂದ ಮೇಲಿನದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಅಂತ ನಾಲ್ಕು ತಾಲ್ಲೂಕಿಗೆ ಹಂಚಿಹೋಗಿರುವ ನೆಂಟರು ಊಟ, ಉಡುಗೊರೆ, ಮುನಿಸು ಎಲ್ಲವನ್ನೂ ಆವಾಗ ಇನ್ನೊಮ್ಮೆ ತೂಗಿ ನೋಡುತ್ತಾರೆ.

ದೊಡ್ಡಮ್ಮನ ಹಿರಿ ಮಗಳ ಮದುವೆಯ ಕಾಲಕ್ಕೆ ವಿಎಚ್‌ಎಸ್ ಕ್ಯಾಸೆಟ್ಟು. ವಿಸಿಪಿಯನ್ನು ಒಂದು ರಾತ್ರಿಗೆ ಬಾಡಿಗೆಗೆ ತಂದರೆ ಅದರ ಜೊತೆ ಒಬ್ಬ ಹುಡುಗನೂ ಬರುತ್ತಿದ್ದ. ಚಿತ್ರದ ಮೇಲೆ ಗೆರೆ ಬೀಳಲು ಶುರುವಾದರೆ ಅವನು ಮುಚ್ಚಳ ಬಿಚ್ಚಿ, ಅಪ್ಪನ ಹತ್ತಿರ ಒಂದು ಗರಿಗರಿ ನೋಟು ಇಸಿದುಕೊಂಡು ಹೆಡ್ಡಿಗೆ ಒತ್ತಿ ಉಜ್ಜುತ್ತಿದ್ದ. ಗೆರೆ ಹೋಗುತ್ತಿತ್ತು, ನೋಟೂ ಹೋಗುತ್ತಿತ್ತು. ಆ ಕ್ಯಾಸೆಟ್ಟಿನಲ್ಲಿ ವಧೂವರರು ತಾವರೆ ಹೂವಿನೊಳಗಿಂದ ಎದ್ದು ಬರುತ್ತಿದ್ದರು. ಉಳಿದ ಜನವೆಲ್ಲ ಮಸುಕು. ಬಿಳಿ ಚುಕ್ಕೆ ಕಂಡರೆ ಚಿಕ್ಕಪ್ಪ, ಹಳದಿ ಚುಕ್ಕೆ ಕಂಡರೆ ಅತ್ತೆ ಅಂತ ನಾವೇ ಗುರುತು ಹಿಡಿಯಬೇಕಿತ್ತು.

ಆಮೇಲೆ ವಿಸಿಡಿ ಬಂತು. ಅದರ ಚಿತ್ರ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ. ಎಲ್ಲ ಸೇರಿ ಒಂದು ಲಕ್ಷದ ಆಸುಪಾಸು. ಮದುವೆ ಮೂರು ಡಿಸ್ಕಿಗೆ ಹಂಚಿಕೊಳ್ಳುತ್ತಿತ್ತು, ಮುಹೂರ್ತ ಸರಿಯಾಗಿ ಎರಡನೆಯದರ ಗೀರಿನ ಮೇಲೇ ಬಂದು ಕೂರುತ್ತಿತ್ತು. ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿದರೂ ಪುರೋಹಿತರು ತಾಳಿ ಎತ್ತಿಕೊಟ್ಟಲ್ಲೇ ನಿಂತುಬಿಡುತ್ತಿದ್ದರು. ಮತ್ತೆ ಚಿತ್ರ ಅಲ್ಲಾಡುವಷ್ಟರಲ್ಲಿ ಎಲೆ ಹಾಕಿ ಪಾಯಸ ಬಡಿಸುತ್ತಿದ್ದರು. ನಮ್ಮ ಬಂಧುಗಳಲ್ಲಿ ಒಂದಿಬ್ಬರ ಮದುವೆಗೆ ಇವತ್ತಿಗೂ ತಾಳಿ ಕಟ್ಟಿದ ಸಾಕ್ಷಿ ಇಲ್ಲ.

ತಂಗಿಯ ಮದುವೆಗೆ ಫುಲ್ ಎಚ್‌ಡಿ. 1920ಕ್ಕೆ 1080, ಅಂದರೆ ಇಪ್ಪತ್ತು ಲಕ್ಷಕ್ಕೂ ಮೇಲೆ ಚುಕ್ಕೆ, ವಿಸಿಡಿಯ ಇಪ್ಪತ್ತು ಪಟ್ಟು. ಸ್ಟುಡಿಯೋದ ಹುಡುಗ ಹನ್ನೊಂದು ಜಿಬಿಯ ಒಂದೇ ಫೈಲನ್ನು ಕೊಡುತ್ತ, ‘ಎಚ್‌ಇವಿಸಿ ಮಾಡಿದೀನಿ ಸಾರ್, ಅರ್ಧಕ್ಕರ್ಧ ಜಾಗ ಉಳೀತದೆ’ ಎಂದ. ಉಳಿದದ್ದು ಜಾಗವೊಂದೇ.

ಮೊದಲ ಪ್ರದರ್ಶನ ಮಧುಗಿರಿಯ ನಮ್ಮ ಮನೆಯಲ್ಲಿ. ಕಿಟಕಿಯ ತುಂಬ ಏಕಶಿಲಾ ಬೆಟ್ಟ ಕಾಣುತ್ತದೆ. ಟೀವಿಯ ಮೇಲೆ ಬೆಳಕು ಬೀಳಬಾರದೆಂದು ಬೆಟ್ಟಕ್ಕೆ ಪರದೆ ಎಳೆದೆವು. ಪೆನ್‌ಡ್ರೈವಿನಲ್ಲಿ ಜಾಗ ಖಾಲಿ ಬಿದ್ದಿದ್ದರೂ ಫೈಲು ಒಳಗೆ ಹೋಗಲೊಲ್ಲದು. ಫ್ಯಾಟ್ 32 ಎಂಬ ಹಳೇ ಪದ್ಧತಿಯಲ್ಲಿ ಯಾವ ಫೈಲೂ ನಾಲ್ಕು ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್ ಮಾಡಿದರೆ ಫೈಲು ಹೋಯಿತು, ಆದರೆ ನಮ್ಮ ಹಳೇ ಟೀವಿ ಡ್ರೈವಿನ ಮುಖವನ್ನೇ ನೋಡಲಿಲ್ಲ. ಜಾತಕ ಕೂಡಿದರೆ ಮನೆತನ ಕೂಡುವುದಿಲ್ಲ, ಮನೆತನ ಕೂಡಿದರೆ ಜಾತಕ ಕೂಡುವುದಿಲ್ಲ.

ಕೊನೆಗೆ ಲ್ಯಾಪ್‌ಟಾಪನ್ನೇ ಎಚ್‌ಡಿಎಂಐ ಕೇಬಲ್ಲಿನಿಂದ ಟೀವಿಗೆ ಗಂಟು ಹಾಕಿದೆ. ಚಿತ್ರವೂ ಸದ್ದೂ ಒಂದೇ ತಂತಿಯಲ್ಲಿ ಹೋಗುತ್ತವೆ, ಆದರೆ ತಂತಿ ಗಿಡ್ಡ. ಲ್ಯಾಪ್‌ಟಾಪು ಟೀವಿಯ ಕಾಲಬುಡದಲ್ಲಿ ಮಣೆಯ ಮೇಲೆ ಕೂತಿತು, ನಾನು ಅದರ ಪಕ್ಕ ನೆಲದ ಮೇಲೆ. ವಿಂಡೋಸ್ ಗುಂಡಿ ಮತ್ತು ಪಿ ಒಟ್ಟಿಗೆ ಒತ್ತಿದ ಕೂಡಲೇ ಟೀವಿ ತುಂಬ ನನ್ನ ಆಫೀಸಿನ ಕಡತಗಳು ಹರಡಿಕೊಂಡವು. ಅಜ್ಜಿ, ‘ಇಷ್ಟೊಂದು ಕೆಲ್ಸ ಐತೇನೋ ನಿಂಗೆ, ಪಾಪ’ ಎಂದಳು. ಇಡೀ ಮದುವೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಅದೊಂದೇ.

ಫೈಲನ್ನು ತಕರಾರಿಲ್ಲದೆ ತೆರೆದದ್ದು ವಿಎಲ್‌ಸಿ, ಕಿತ್ತಳೆ ಬಣ್ಣದ ಟ್ರಾಫಿಕ್ ಕೋನಿನ ಗುರುತಿನದು. ಪ್ಯಾರಿಸ್ಸಿನ ಒಂದು ಕಾಲೇಜಿನ ಹುಡುಗರು ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ಟೀವಿ ನೋಡುವ ಆಸೆಯಿಂದ 1996ರಲ್ಲಿ ಕೈ ಹಾಕಿದ ಕೆಲಸ. 2001ರಲ್ಲಿ ಅದನ್ನು ಲೋಕಕ್ಕೆಲ್ಲ ಪುಕ್ಕಟೆ ಬಿಟ್ಟುಕೊಟ್ಟರು. ರಸ್ತೆಯ ಕೋನುಗಳನ್ನು ತಂದು ಕೂಡಿಡುವ ಚಟ ಅವರಿಗಿತ್ತಂತೆ, ಗುರುತು ಬಂದದ್ದು ಅಲ್ಲಿಂದ. ಓದುವ ವಯಸ್ಸಿನಲ್ಲಿ ಟೀವಿ ನೋಡಿ ಹಾಳಾಗುತ್ತಾರೆಂದು ನಮ್ಮ ಮೇಷ್ಟ್ರು ಹೇಳುತ್ತಿದ್ದ ಹುಡುಗರು ಇಂಥವರೇ ಇರಬೇಕು.

ಗುಂಪು ಫೋಟೋದ ದೃಶ್ಯ ಬಂತು. ಕೊರಟಗೆರೆ ಮಾವ ಎದ್ದು ನಿಂತರು. ಸಾಲಿನ ಬಲತುದಿಯಲ್ಲಿ ನಿಂತಿದ್ದ ಅವರ ಒಂದು ಕೈ, ಅರ್ಧ ಮೀಸೆ ಮಾತ್ರ ಕಾಣುತ್ತಿತ್ತು.

‘ಬೇಕಂತಲೇ ಕತ್ತರಿಸಿದಾರೆ. ಮುಯ್ಯಿ ಕೊಡೋವಾಗ ಪೂರ್ತಿ ಕಾಣ್ತಿದ್ದೆ ಅಲ್ವಾ?’

ಕತ್ತರಿಸಿದ್ದು ಟೀವಿ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಅಂಚಿನ ಚಿತ್ರ ನೆಟ್ಟಗೆ ನಿಲ್ಲುತ್ತಿರಲಿಲ್ಲ; ಆ ಸೊಟ್ಟ ಕಾಣದಿರಲೆಂದು ಸುತ್ತಲೂ ಒಂದಿಷ್ಟು ಮರೆಮಾಡಿ ತೋರಿಸುವ ರೂಢಿ ಬಂತು. ಟ್ಯೂಬು ಹೋಗಿ ಯಾವ ಕಾಲವಾಯಿತೋ, ಚಪ್ಪಟೆ ಟೀವಿಗಳಲ್ಲೂ ರೂಢಿ ಉಳಿದುಕೊಂಡಿದೆ. ಕಾರಣ ಸತ್ತ ಮೇಲೂ ಶಾಸ್ತ್ರ ನಡೆಯುವುದು ನಮ್ಮವರಿಗೆ ಹೊಸದೇನಲ್ಲ. ಸೆಟ್ಟಿಂಗಿನಲ್ಲಿ ‘ಸ್ಕ್ರೀನ್ ಫಿಟ್’ ಹುಡುಕಿ ಒತ್ತಿದಾಗ ಮಾವನ ಉಳಿದರ್ಧ ಒಳಗೆ ಬಂತು. ಕೋಪ ಹೊರಗೇ ಉಳಿಯಿತು.

ಬಡವನಹಳ್ಳಿ ಮೇಲೆ ಬಸ್ಸಿನಲ್ಲಿ ಶಿರಾಕ್ಕೆ ಹೋದೆ. ದೊಡ್ಡಮ್ಮ ಲ್ಯಾಪ್‌ಟಾಪನ್ನು ಬ್ಯಾಗಿನಿಂದ ತೆಗೆಯಲೂ ಬಿಡಲಿಲ್ಲ. ‘ನಮ್ದು ಸ್ಮಾರ್ಟ್ ಟೀವಿ ಕಣೋ, ಸೀದಾ ಹಾಕು.’ ಸೀದಾ ಹಾಕಿದೆ. ಸೀರೆಯ ಜರಿಯ ಎಳೆ ಎಣಿಸಬಹುದಾದಷ್ಟು ಚಿತ್ರ, ಸದ್ದು ಮಾತ್ರ ಇಲ್ಲ. ಫೈಲಿನ ಸದ್ದು ಡಾಲ್ಬಿ ಲೆಕ್ಕದ್ದು; ಅದನ್ನು ಬಿಡಿಸುವ ಲೈಸೆನ್ಸು ಎಲ್ಲ ಟೀವಿಯಲ್ಲೂ ಇರುವುದಿಲ್ಲ. ಕನ್ನಡ ಸಿನಿಮಾ 1934ರಲ್ಲಿ ‘ಸತಿ ಸುಲೋಚನ’ದಿಂದ ಮಾತು ಕಲಿಯಿತು, ನನ್ನ ತಂಗಿಯ ಮದುವೆ ಶಿರಾದ ನಡುಮನೆಯಲ್ಲಿ ತಿರುಗಿ ಮೂಕಿಯಾಯಿತು. ನಾನು ಕೇಬಲ್ಲು ಬಿಚ್ಚುವಷ್ಟರಲ್ಲಿ ದೊಡ್ಡಮ್ಮ ಎಲ್ಲರ ಮಾತನ್ನೂ ತಾನೇ ಹೇಳಲು ಶುರು ಮಾಡಿದ್ದಳು. ಬೀಗಿತ್ತಿ ತುಟಿ ಅಲ್ಲಾಡಿಸಿದರೆ, ‘ನೋಡ್ರೇ, ಹೋಳಿಗೆ ಗಟ್ಟಿ ಅಂತ ಅಂತಿದಾಳೆ!’ ಆಕೆ ನಿಜಕ್ಕೂ ಅಂದದ್ದೇನೋ, ಅಂದಿನಿಂದ ಶಿರಾದಲ್ಲಿ ಅದೇ ಇತಿಹಾಸ. ಕೇಬಲ್ಲನ್ನು ಮತ್ತೆ ಸುತ್ತಿ ಬ್ಯಾಗಿನೊಳಗಿಟ್ಟೆ.

ಕೊರಟಗೆರೆಯಲ್ಲಿ ತದ್ವಿರುದ್ಧ. ಓಲಗ, ಮಂತ್ರ, ಮಕ್ಕಳ ಅಳು ಎಲ್ಲ ಸ್ಪಷ್ಟ, ಪರದೆ ಕಪ್ಪು. ಆ ಎಚ್‌ಇವಿಸಿ ಎಂದರೆ ವಿಡಿಯೋವನ್ನು ಅದುಮಿಡಲು 2013ರಲ್ಲಿ ನಿಗದಿಯಾದ ಪದ್ಧತಿ, ಮಾವನ ಟೀವಿ ಅದಕ್ಕಿಂತ ಹಿರಿಯದು. ಹಿರಿಯರಿಗೆ ಕಿರಿಯರ ಭಾಷೆ ತಿಳಿಯಲಿಲ್ಲ. ಲ್ಯಾಪ್‌ಟಾಪು ಹಚ್ಚೋಣವೆಂದರೆ ಬಡಗಿ ಟೀವಿಯನ್ನು ಗೋಡೆಗೆ ಎಷ್ಟು ಒತ್ತಾಗಿ ಕೂರಿಸಿದ್ದನೆಂದರೆ, ಹಿಂದಿನ ತೂತಿಗೆ ಕೇಬಲ್ಲಿರಲಿ, ಬೆರಳೂ ಹೋಗುತ್ತಿರಲಿಲ್ಲ. ಅತ್ತೆ ಸೊಪ್ಪು ಬಿಡಿಸುತ್ತ ಪೂರ್ತಿ ಮದುವೆಯನ್ನು ಕೇಳಿದರು. ‘ಗೊರವನಹಳ್ಳಿ ಲಕ್ಷ್ಮಿ ದಯದಿಂದ ಚೆನ್ನಾಗಾಯ್ತು’ ಎಂದರು. ಮಾವನಿಗಂತೂ ಪರಮ ಸಮಾಧಾನ: ಈ ಸಲ ಅವರೊಬ್ಬರೇ ಅಲ್ಲ, ಯಾರೂ ಕಾಣಲಿಲ್ಲ.

ಅತ್ತೆಯ ಮೊಮ್ಮಗ ಮೊಬೈಲು ಹಿಡಿದು ಕೇಳಿದ, ‘ಮಾಮ, ಇದರಲ್ಲಿ ಕ್ಲೀನಾಗಿ ಬರ್ತಿದೆಯಲ್ಲ, ಟೀವಿ ಯಾಕೆ?’

ನ್ಯಾಯವಾದ ಪ್ರಶ್ನೆ. ಮೊಬೈಲಿನಲ್ಲಿ ಚಿತ್ರವೂ ಬರುತ್ತದೆ, ಸದ್ದೂ ಬರುತ್ತದೆ. ಬಾರದಿರುವುದು ‘ನೋಡೇ, ಅಲ್ಲಿ ನಾನು!’ ಎನ್ನುವ ಮಾತು. ಅದನ್ನು ಹೇಳಲು ಪಕ್ಕದಲ್ಲಿ ಒಬ್ಬರಿರಬೇಕು. ‘ಆ ಸೀರೆ ನಿಂಗೊಪ್ಪಲ್ಲ’ ಎನ್ನಲು ಇನ್ನೊಬ್ಬರು. 1987ರ ಜನವರಿಯಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ನಮ್ಮ ಬೀದಿಗೆ ಒಂದೇ ಟೀವಿ. ಭಾನುವಾರ ಬೆಳಗ್ಗೆ ಆ ಮನೆಯ ಹೊಸಿಲಿನಾಚೆಗೂ ಜನ. ಹಿಂದಿನವರಿಗೆ ರಾಮನೂ ಕಾಣುತ್ತಿರಲಿಲ್ಲ, ರಾವಣನೂ ಕಾಣುತ್ತಿರಲಿಲ್ಲ, ಮುಂದಿನವರ ತಲೆ ಕಾಣುತ್ತಿತ್ತು. ಆದರೂ ನೋಡಿ ಬಂದೆವೆಂದೇ ಹೇಳುತ್ತಿದ್ದರು, ಅದು ಸುಳ್ಳೂ ಆಗಿರಲಿಲ್ಲ. ಇಪ್ಪತ್ತು ಲಕ್ಷ ಚುಕ್ಕೆಗಳಲ್ಲಿ ನಮ್ಮವರಿಗೆ ಬೇಕಾದದ್ದು ತಂತಮ್ಮ ಮುಖದಷ್ಟು ಮಾತ್ರ. ಉಳಿದ ಚುಕ್ಕೆಗಳು ಪಕ್ಕದಲ್ಲಿ ಕೂತವರ ಪಾಲು. ಟೀವಿ ಬೇಕಾಗಿರುವುದು ಆ ಪಾಲು ಹಂಚಲಿಕ್ಕೆ.

ಪಾವಗಡಕ್ಕೆ ಹೋಗುವುದು ತಡವಾಯಿತು. ಅಷ್ಟರಲ್ಲಿ ಚಿಕ್ಕಪ್ಪ ತೀರಿಕೊಂಡಿದ್ದ. ತಿರುಮಣಿ ಕಡೆಯ ಅವನ ಹೊಲ ಸೋಲಾರ್ ಪಾರ್ಕಿಗೆ ಹೋಗಿತ್ತು, ಮಾರಾಟವಲ್ಲ, ಗುತ್ತಿಗೆ. ಕಡಲೆಕಾಯಿ ಬಿತ್ತಿ ಮೋಡ ಕಾಯುತ್ತಿದ್ದವನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆಯಲ್ಲಿ ಬಿಸಿಲನ್ನೇ ಬೆಳೆಯತೊಡಗಿದ್ದ. ಆ ದುಡ್ಡಿನಲ್ಲೇ ಅವನ ಮಗ ಗೋಡೆಯಗಲದ ಟೀವಿ ತಂದದ್ದು. ಪೆನ್‌ಡ್ರೈವ್ ಹಾಕಿದರೆ ಚಿತ್ರ ಬಂತು, ಸದ್ದು ಬಂತು, ಅಂಚಿನಲ್ಲಿ ನಿಂತ ಮಾವನೂ ಪೂರ್ತಿ ಬಂದರು. ಇಷ್ಟು ಸಲೀಸಾದದ್ದಕ್ಕೆ ಶನಿಮಹಾತ್ಮನಿಗೆ ಎಳ್ಳೆಣ್ಣೆ ಕೊಡಬೇಕು ಅಂದುಕೊಂಡೆ.

ಶುರುವಿನಲ್ಲೇ ಛತ್ರದ ಬಾಗಿಲು. ಚಿಕ್ಕಪ್ಪ ಬೀಗರಿಗೆ ಪನ್ನೀರು ಚಿಮುಕಿಸುತ್ತ ನಿಂತಿದ್ದ. ಬಿಳಿ ಚುಕ್ಕೆಯಲ್ಲ ಈಗ. ಜೇಬಿನಿಂದ ಇಣುಕುವ ಬಸ್ ಟಿಕೆಟ್ಟು, ಎರಡನೇ ಗುಂಡಿಯ ಜಾಗದಲ್ಲಿ ಚುಚ್ಚಿಕೊಂಡ ಪಿನ್ನು, ಎಲ್ಲ ಕಂಡಿತು.

‘ಗುಂಡಿ ಹಾಕ್ಕೊಡ್ತೀನಿ ಬಿಚ್ಚಿ ಅಂದೆ. ಯಾರು ನೋಡ್ತಾರೆ ಬಿಡು ಅಂದ್ರು’ ಎಂದಳು ಚಿಕ್ಕಮ್ಮ. ‘ಈಗ ನೋಡಿ, ಊರೆಲ್ಲ ನೋಡ್ತಾ ಐತೆ.’

ಧಾರೆಗೆ ಇನ್ನೇನು ಬಂತೆನ್ನುವಾಗ ಕರೆಂಟು ಹೋಯಿತು. ಹೊರಗೆ 13,000 ಎಕರೆಯಲ್ಲಿ 2,050 ಮೆಗಾವಾಟಿನ ಫಲಕಗಳು ಮಲಗಿದ್ದವು. ಆದರೆ ಅಲ್ಲಿ ಹುಟ್ಟುವ ಕರೆಂಟು ಹೈಟೆನ್ಷನ್ ತಂತಿ ಹಿಡಿದು ಗ್ರಿಡ್ಡಿಗೆ ಹೋಗುವಂಥದ್ದು, ಮೇಲಾಗಿ ರಾತ್ರಿ ಅವಕ್ಕೂ ರಜೆ. ಕತ್ತಲಲ್ಲಿ ಹುರಿಗಡಲೆಕಾಯಿ ಸುಲಿಯುತ್ತ ಕೂತೆವು. ಕರೆಂಟು ಬಂದಾಗ ಟೀವಿಗೆ ಎಲ್ಲಿ ನಿಂತಿದ್ದೆನೆಂಬ ನೆನಪಿಲ್ಲ. ಫಾರ್ವರ್ಡ್ ಒತ್ತಿದರೆ ಆಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆಯಿತು. ಮತ್ತೆ ಗಣಪತಿಯ ಚಿತ್ರ, ಮತ್ತೆ ಛತ್ರದ ಬಾಗಿಲು, ಮತ್ತೆ ಪನ್ನೀರು. ಅಂದು ಕರೆಂಟು ಹೋಗಿ ಬಂದಾಗಲೆಲ್ಲ ಚಿಕ್ಕಪ್ಪ ಬಂದ.

‘ಫೈಲು ಬೇರೆ ಥರ ಮಾಡಿಕೊಡ್ತೀನಿ ಚಿಕ್ಕಮ್ಮ, ಎಲ್ಲಿಂದ ಬೇಕಾದರೂ ನೋಡಬಹುದು’ ಎಂದೆ. ಕಂಪ್ಯೂಟರಿನಲ್ಲಿ ಅದು ಟೀ ಕುದಿಯುವಷ್ಟರಲ್ಲಿ ಆಗುವ ಕೆಲಸ.

‘ಏನೂ ಬೇಡ, ಹಿಂಗೇ ಇರ್ಲಿ’ ಎಂದಳು. ‘ಮೊದಲಿಂದ ನೋಡೋಕೆ ನಂಗೇನು ಬಸ್ಸು ತಪ್ಪುತ್ತಾ?’ ಆ ಫೈಲಿನ ರಿಪೇರಿಯ ಮಾತನ್ನು ನಾನು ಮತ್ತೆ ಎತ್ತಿಲ್ಲ.

ಬರುವ ಮಾಘದಲ್ಲಿ ಕೊರಟಗೆರೆಯಲ್ಲೇ ಮದುವೆ, ಮಾವನ ಕಿರಿ ಮಗನದು. ವಿಡಿಯೋ 4ಕೆ ಅಂತೆ, ಅಂದರೆ ಎಂಬತ್ತು ಲಕ್ಷಕ್ಕೂ ಮೇಲೆ ಚುಕ್ಕೆ. ಯಾವ ಊರಿನ ಟೀವಿ ಯಾವ ಕಾರಣಕ್ಕೆ ಮುನಿಸಿಕೊಳ್ಳುತ್ತದೋ ಎಂದು ಉದ್ದನೆಯ ಕೇಬಲ್ಲೊಂದನ್ನು ಈಗಲೇ ಕೊಂಡಿಟ್ಟಿದ್ದೇನೆ. ಮಾವನಿಗೆ ಅದರ ಮೇಲೂ ನಂಬಿಕೆಯಿಲ್ಲ. ಹುಡುಗಿಯ ಕಡೆಯವರಿಗೆ ಲಗ್ನಪತ್ರಿಕೆಯ ದಿನವೇ ಹೇಳಿಬಿಟ್ಟಿದ್ದಾರಂತೆ: ‘ವರದಕ್ಷಿಣೆ, ವರೋಪಚಾರ ಏನೂ ಬೇಡ. ಗುಂಪು ಫೋಟೋದಲ್ಲಿ ನನ್ನನ್ನ ಮಧ್ಯಕ್ಕೆ ನಿಲ್ಲಿಸಿ.’