ಮೇಷ್ಟರಾಗುವ ಹಾದಿ

ಬಿ.ಎಡ್. ಒಂದು ಮಾಡಿಕೊಂಡರೆ ಮೇಷ್ಟರ ಕೆಲಸಕ್ಕೆ ಅರ್ಹತೆ ಬಂದಂತೆಯೇ ಎಂಬ ಮಾತು ನಮ್ಮ ಕಾಲದಲ್ಲಿ ಬಹುಮಟ್ಟಿಗೆ ನಿಜವಾಗಿತ್ತು. ಈಗ ಹಾಗಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಮಕ್ಕಳ ಸಲುವಾಗಿ ಈ ವಿಷಯವನ್ನು ವಿಚಾರಿಸುತ್ತಲೇ ಇದ್ದಾರೆ. ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ಹೇಳುವುದಕ್ಕಿಂತ, ತಿಳಿದಷ್ಟನ್ನು ಇಲ್ಲಿಯೇ ಬರೆದಿಡುವುದು ಲೇಸೆಂದು ತೋರಿತು.

ನಾವು ಓದಿದ ಬಿ.ಎಡ್. ಒಂದೇ ವರ್ಷದ್ದು. ಎರಡು ಬೋಧನಾ ವಿಷಯಗಳಿಗೆ ತಲಾ ಇಪ್ಪತ್ತರಂತೆ ನಲವತ್ತು ಅಭ್ಯಾಸ ಪಾಠಗಳು. ರಾತ್ರಿ ಕುಳಿತು ಪಾಠ ಟಿಪ್ಪಣಿ ಬರೆಯಬೇಕು. ಬೆಳಗ್ಗೆ ಅಧ್ಯಾಪಕರ ಸಹಿ ಪಡೆಯಬೇಕು. ಚಾರ್ಟುಗಳನ್ನೂ ರೋಲ್‌ಅಪ್ ಬೋರ್ಡನ್ನೂ ಕಂಕುಳಲ್ಲಿಟ್ಟುಕೊಂಡು ಶಾಲೆಗೆ ನಡೆಯಬೇಕು. ಪೀಠಿಕೆಯ ಪ್ರಶ್ನೆಗಳಿಗೆ ಮಕ್ಕಳು ನಾವು ಬಯಸಿದ ಉತ್ತರವನ್ನೇ ಕೊಟ್ಟರೆ ಪಾಠ ಗೆದ್ದಂತೆ! ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತ ಸಹಪಾಠಿಗಳು ‘ಕಪ್ಪುಹಲಗೆಯ ಬರಹ ಕೆಳಕ್ಕೆ ಇಳಿಯುತ್ತಿದೆ’, ‘ಹಿಂದಿನ ಸಾಲಿನವರನ್ನು ಪ್ರಶ್ನಿಸಲಿಲ್ಲ’ ಎಂದು ಗುರುತುಹಾಕಿಕೊಳ್ಳುತ್ತಿದ್ದರು. ಅಂದು ಕಿರಿಕಿರಿಯೆನಿಸಿದ ಆ ಟೀಕೆಗಳು ಮುಂದೆ ಮೂವತ್ತು ವರ್ಷ ನನ್ನ ಕೈಹಿಡಿದು ನಡೆಸಿದವು. ಮನಶ್ಶಾಸ್ತ್ರದ ಪುಸ್ತಕದಲ್ಲಿ ಓದಿದ್ದು ಮಾತ್ರ ಪರೀಕ್ಷೆಯ ಮರುದಿನವೇ ಮರೆತುಹೋಯಿತೆನ್ನಬೇಕು.

ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿಗೆ 1993ರ ಅಧಿನಿಯಮದಿಂದ ಶಾಸನಬದ್ಧ ಅಧಿಕಾರ ದೊರೆತ ಮೇಲೆ ನಿಯಮಗಳು ಒಂದೊಂದಾಗಿ ಬಿಗಿಯಾದವು. ಸರ್ವೋಚ್ಚ ನ್ಯಾಯಾಲಯ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲಿ ವರದಿ ಕೊಟ್ಟಿತು. ಶಿಕ್ಷಕರನ್ನು ತಯಾರಿಸುವ ಸಂಸ್ಥೆಗಳಲ್ಲಿ ಬಹುಪಾಲು ಖಾಸಗಿಯವಾಗಿದ್ದು, ಅವುಗಳ ಗುಣಮಟ್ಟ ಕಳವಳಕಾರಿಯಾಗಿದೆ ಎಂಬುದು ಅದರ ಸಾರ. ಅದಾದ ಬಳಿಕ ಬಂದ 2014ರ ನಿಯಮಾವಳಿಯಂತೆ, 2015ರಿಂದ ಬಿ.ಎಡ್. ಎರಡು ವರ್ಷದ ಶಿಕ್ಷಣವಾಯಿತು. ಪದವಿಯಲ್ಲಿ ಕನಿಷ್ಠ ಶೇಕಡಾ 50 ಅಂಕ (ಮೀಸಲಾತಿಗೆ ಒಳಪಟ್ಟವರಿಗೆ ರಿಯಾಯಿತಿಯುಂಟು), ವರ್ಷಕ್ಕೆ 200 ಕೆಲಸದ ದಿನಗಳು, ತರಗತಿಗಳಲ್ಲಿ ಶೇಕಡಾ 80ರ ಹಾಜರಿ, ಶಾಲಾ ತರಬೇತಿಯಲ್ಲಿ ಶೇಕಡಾ 90ರ ಹಾಜರಿ. ಈ ಶಾಲಾ ತರಬೇತಿ ಒಟ್ಟು 20 ವಾರಗಳದ್ದು.

ಈ 20 ವಾರಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಲವತ್ತು ಪಾಠ ಮಾಡಿ ಎದ್ದು ಬರುವುದು ಬೇರೆ; ಒಂದೇ ಶಾಲೆಯಲ್ಲಿ ತಿಂಗಳುಗಟ್ಟಲೆ ಇದ್ದು, ಯಾವ ಹುಡುಗ ಯಾವ ಕಾರಣಕ್ಕೆ ಸೋಮವಾರ ಬರುವುದಿಲ್ಲ ಎಂದು ಅರಿಯುವುದು ಬೇರೆ. ಆದರೆ ಕಾಗದದ ಮೇಲಿನ ಹಾಜರಿಯ ಕಥೆಯನ್ನು ಬಲ್ಲವರೇ ಬಲ್ಲರು. ಶುಲ್ಕ ಕಟ್ಟಿ, ಪರೀಕ್ಷೆಯ ಹೊತ್ತಿಗೆ ಮುಖ ತೋರಿಸಿದರೆ ಸಾಕೆನ್ನುವ ಕಾಲೇಜುಗಳಿವೆ. ಇನ್ನು ಕೆಲವು ಶಾಲೆಗಳಲ್ಲಿ ತರಬೇತಿಗೆ ಬಂದವರನ್ನು, ರಜೆಯಲ್ಲಿರುವ ಮೇಷ್ಟರ ತರಗತಿಗಳನ್ನು ಸುಮ್ಮನಿರಿಸುವುದಕ್ಕೆ ಕಳುಹಿಸುತ್ತಾರೆ. ಕೂಲಿನಾಲಿ ಮಾಡಿ ಓದಿಸುವ ಮನೆಗೆ ಎರಡನೆಯ ವರ್ಷದ ಖರ್ಚು ಸಣ್ಣದಲ್ಲ. ಅದಕ್ಕೆ ಪ್ರತಿಯಾಗಿ ಇಷ್ಟಾದರೂ ನೆಟ್ಟಗೆ ನಡೆಯಬೇಡವೇ?

ಇನ್ನೊಂದು ತೊಡಕು ನಮ್ಮ ಮನೆಯೊಳಗೇ ಬಂದಿದೆ. ನನ್ನ ತಂಗಿಯ ಮೊಮ್ಮಗಳು ಬಿ.ಎಸ್ಸಿ. ಮುಗಿಸಿದ್ದಾಳೆ. ಒಂದನೆಯ, ಎರಡನೆಯ ತರಗತಿಯ ಪುಟ್ಟ ಮಕ್ಕಳಿಗೇ ಕಲಿಸಬೇಕೆಂಬುದು ಅವಳ ಆಸೆ. ಮನೆಯವರೆಲ್ಲ ಬಿ.ಎಡ್. ಎಂದು ನಿಶ್ಚಯಿಸಿ ಹಣವನ್ನೂ ಹೊಂದಿಸಿದ್ದರು. ನಾನು ತಡೆದೆ. 2018ರಲ್ಲಿ ಪರಿಷತ್ತು ಬಿ.ಎಡ್. ಆದವರಿಗೂ ಒಂದರಿಂದ ಐದನೆಯ ತರಗತಿಯವರೆಗೆ ಕಲಿಸಲು ಅವಕಾಶ ಕೊಟ್ಟಿತ್ತು ನಿಜ. ಆದರೆ 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಎಳೆಯ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ, ಅದಕ್ಕೆ ಡಿ.ಎಲ್.ಎಡ್. ತರಬೇತಿಯೇ ತಕ್ಕುದು ಎಂಬುದು ತೀರ್ಪಿನ ತಿರುಳು. ಪಿ.ಯು.ಸಿ.ಯ ನಂತರವೇ ಸೇರಬಹುದಾಗಿದ್ದ ತರಬೇತಿಗೆ ಪದವಿಯಾದ ಮೇಲೆ ಸೇರುವುದೇ ಎಂದು ಅವಳ ತಾಯಿಗೆ ಸಂಕೋಚ. ‘ಅಜ್ಜ, ಹೈಸ್ಕೂಲಿನ ಮೇಷ್ಟರಿಗೇ ಅಲ್ಲವೇ ಮರ್ಯಾದೆ?’ ಎಂದು ಹುಡುಗಿಯೂ ಕೇಳಿದಳು. ಮೊದಲ ಅಕ್ಷರ ತಿದ್ದಿಸುವವರಿಗೆ ನಮ್ಮ ಸಮಾಜ ಕೊಡುವ ಬೆಲೆ ಆ ಪ್ರಶ್ನೆಯಲ್ಲಿಯೇ ಇತ್ತು. ಕೊನೆಗೆ ಅವಳು ಡಿ.ಎಲ್.ಎಡ್. ಅನ್ನೇ ಆರಿಸಿಕೊಂಡಳು, ತಾಯಿ ಇನ್ನೂ ಪೂರ್ತಿ ಸಮಾಧಾನಗೊಂಡಿಲ್ಲ.

ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿಯನ್ನೂ ಬಿ.ಎಡ್. ಅನ್ನೂ ಒಂದುಗೂಡಿಸಿದ ನಾಲ್ಕು ವರ್ಷದ ಶಿಕ್ಷಣ ದಶಕಗಳಿಂದ ನಡೆದುಬಂದಿದೆ. 2023-24ರಿಂದ ಅಂಥದೇ ಸಂಯೋಜಿತ ಕ್ರಮವನ್ನು ದೇಶದ ಹಲವೆಡೆ ಆರಂಭಿಸಿದ್ದಾರೆ. ಪಿ.ಯು.ಸಿ. ಓದುತ್ತಿರುವಾಗಲೇ ಶಿಕ್ಷಕ ವೃತ್ತಿಯಲ್ಲಿ ಮನಸ್ಸು ನೆಟ್ಟ ಮಕ್ಕಳು ಇದನ್ನು ವಿಚಾರಿಸಬೇಕು. ಒಂದು ವರ್ಷ ಉಳಿಯುತ್ತದೆ.

ತರಬೇತಿ ಮುಗಿದರೂ, ಎಂಟನೆಯ ತರಗತಿಯವರೆಗಿನ ಶಿಕ್ಷಕರು ಟಿ.ಇ.ಟಿ. ದಾಟಲೇಬೇಕು. 150 ಅಂಕಗಳಿಗೆ 90 ಬಂದರೆ ಉತ್ತೀರ್ಣ. ಇಲ್ಲಿಯೂ ಮೀಸಲಾತಿಯವರಿಗೆ ರಿಯಾಯಿತಿ ಇದೆ. ಒಮ್ಮೆ ಪಡೆದ ಪ್ರಮಾಣಪತ್ರಕ್ಕೆ ಮೊದಲು ಏಳು ವರ್ಷದ ಅವಧಿಯಿತ್ತು. 2021ರಲ್ಲಿ ಅದನ್ನು ಆಜೀವ ಮಾನ್ಯಗೊಳಿಸಿದರು.

ಈ ಪರೀಕ್ಷೆ ಹೊಸಬರಿಗಷ್ಟೇ ಎಂದು ಎಲ್ಲರೂ ನೆಮ್ಮದಿಯಾಗಿದ್ದರು. 2025ರ ಸೆಪ್ಟೆಂಬರ್ 1ರ ತೀರ್ಪು ಆ ನೆಮ್ಮದಿಯನ್ನು ಕದಡಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತರೂ ಎರಡು ವರ್ಷದೊಳಗೆ ಉತ್ತೀರ್ಣರಾಗಬೇಕೆಂದು ನ್ಯಾಯಾಲಯ ಹೇಳಿತು. ನನ್ನ ಬಳಿ ಎಂಟನೆಯ ತರಗತಿ ಓದಿದ್ದ ಹುಡುಗಿಯೊಬ್ಬಳು (ಹುಡುಗಿಯೇನು, ಐವತ್ತರ ಹೊಸ್ತಿಲಲ್ಲಿರುವ ಶಿಕ್ಷಕಿ!) ಮರುವಾರವೇ ಮನೆಗೆ ಬಂದಳು. ಇಪ್ಪತ್ತೆರಡು ವರ್ಷ ಹಳ್ಳಿಯ ಶಾಲೆಯಲ್ಲಿ ದುಡಿದವಳು. ‘ಸರ್, ನಾನು ಕಲಿಸಿದ ಹುಡುಗರ ಪಕ್ಕದಲ್ಲಿ ಕುಳಿತು ಪರೀಕ್ಷೆ ಬರೆಯಬೇಕಾಯಿತಲ್ಲ’ ಎಂದಳು. ಅವಳ ಪಾಠವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಕ್ಕಳ ಮುಖಗಳಲ್ಲಿದ್ದ ಬೆಳಕನ್ನು ಅಳೆಯುವ ಪ್ರಶ್ನೆಪತ್ರಿಕೆ ಎಲ್ಲಿಯೂ ಇಲ್ಲ. ಹಾಗೆಂದು ಪುಸ್ತಕ ಮುಚ್ಚಿ ಕೂರುವಂತಿಲ್ಲವಲ್ಲ. ಈಗ ಭಾನುವಾರಗಳಂದು ಬಂದು ಕನ್ನಡ ವ್ಯಾಕರಣವನ್ನೂ ಸಮಾಜ ವಿಜ್ಞಾನವನ್ನೂ ತಿರುವಿಹಾಕುತ್ತಾಳೆ. ಕನ್ನಡದ ಭಾಗದಲ್ಲಿ ಅವಳಿಗೆ ಭಯವಿಲ್ಲ, ಇಂಗ್ಲಿಷಿನದೇ ಚಿಂತೆ. ನಿಮ್ಮಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿರುವವರು ಯಾರಾದರೂ ತಿಂಗಳಿಗೆ ಎರಡು ಭಾನುವಾರ ಬಿಡುವು ಮಾಡಿಕೊಳ್ಳುವುದಾದರೆ ನನಗೆ ತಿಳಿಸಿ. ಕಾಫಿ ತಿಂಡಿಯ ಹೊಣೆ ನಮ್ಮ ಮನೆಯದು.