ಧೂಳು ಬ್ಯಾಡ, ಒಪ್ಪಿದೆ. ಹೋಂಸ್ಟೇ ಯಾರ ಮನ್ಯಾಗ?

ಪೋಸ್ಟ್ ಸ್ವಲ್ಪ ಉದ್ದ ಐತಿ, ಪುರುಸೊತ್ತಾದಾಗ ಓದ್ರಿ.

2025ರ ಫೆಬ್ರವರಿ 24ರ ಕೊಪ್ಪಳ ಬಂದ್ ನಿಮಗೆ ನೆನಪಿರಬೇಕು. ಊರಿಗೆ ಹತ್ತಿಕೊಂಡೇ ಇನ್ನೊಂದು ದೊಡ್ಡ ಉಕ್ಕಿನ ಕಾರ್ಖಾನೆ ಬ್ಯಾಡ ಅಂತ ಗವಿಮಠದ ಸ್ವಾಮೀಜಿಯವರೂ ಬೀದಿಗೆ ಬಂದಿದ್ದರು. ನಾನೂ ಆಫೀಸಿಗೆ ರಜೆ ಹಾಕಿ ಹೋಗಿದ್ದೆ. ಯಾಕಂದ್ರೆ ಗಿಣಿಗೇರಾ, ಹಿರೇಬಗನಾಳ ಕಡೆ ಹೋಗಿ ಬಂದವರಿಗೆ ಯಾರೂ ಭಾಷಣ ಮಾಡಬೇಕಿಲ್ಲ. ಒಣಹಾಕಿದ ಬಿಳಿ ಅರಿವಿ ಸಂಜೆ ಅಷ್ಟೊತ್ತಿಗೆ ಕಪ್ಪು. ಬೆಳೆಯ ಎಲಿ ಮ್ಯಾಲೆ ಬೆರಳಾಡಿಸಿದರೆ ಕಾಡಿಗಿ ಹತ್ತಿದಂಗ ಹತ್ತತೈತಿ.

ಬಂದ್ ಆದಮ್ಯಾಲೆ ನಮ್ಮ ಪ್ರಗತಿಪರ ಗೆಳೆಯರ ಬಾಯಲ್ಲಿ ಒಂದೇ ಮಾತು: "ಕೊಪ್ಪಳಕ್ಕೆ ಫ್ಯಾಕ್ಟರಿ ಬ್ಯಾಡ, ಇಕೋ ಟೂರಿಸಂ ಬರಲಿ." ಆನೆಗೊಂದಿ ಐತಿ, ಅಂಜನಾದ್ರಿ ಐತಿ, ಸಾಣಾಪುರ ಕೆರೆ ಐತಿ. ತುಂಗಭದ್ರೆಯ 34 ಕಿಲೋಮೀಟರ್ ಉದ್ದವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಮಾತು ಸುಳ್ಳಲ್ಲ. ಅಂಜನಾದ್ರಿಯ 575 ಮೆಟ್ಟಿಲ ಕೆಳಗೆ ಎಳನೀರು ಮಾರೋ ಹೆಣ್ಣುಮಗಳಿಗೆ ಕೆಮ್ಮು ಬರೋದಿಲ್ಲ, ಅವತ್ತಿನ ರೊಕ್ಕ ಅವತ್ತೇ ಕೈಯಾಗ. ತೆಪ್ಪ ಹಾಕೋ ಹುಡುಗ ಬೆಂಗಳೂರಿಗೆ ಗುಳೆ ಹೋಗಬೇಕಿಲ್ಲ. ಇದನ್ನ ಹಗುರ ಮಾಡಿ ಮಾತಾಡೋನು ನಾನಲ್ಲ.

ಆದ್ರೆ 'ಇಕೋ' ಅಂತ ಬೋರ್ಡ್ ಹಾಕಿದ ಮಾತ್ರಕ್ಕೆ ಹೊಳಿ ಸ್ವಚ್ಛ ಆಗೋದಿಲ್ಲ. ಬಂಡೆ ಸಂದಿಯಾಗ ಬಿಯರ್ ಬಾಟಲಿ, ದಂಡಿ ತುಂಬ ಪ್ಲಾಸ್ಟಿಕ್. ವಿರೂಪಾಪುರ ಗಡ್ಡೆಯ ಅಕ್ರಮ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನಂತೆ 2020ರ ಮಾರ್ಚ್‌ನಲ್ಲಿ ಕೆಡವಿದರು. ಮಾಲೀಕರಿಗೆ ದಿಲ್ಲಿತನಕ ವಕೀಲರಿದ್ದರು. ಅಲ್ಲಿ ಬೆಡ್‌ಶೀಟ್ ತೊಳಿತಿದ್ದವರ ಪರ ವಾದ ಮಾಡಿದೋರು ಯಾರು?

ಇನ್ನ ನಮ್ಮ ನವಲಿ. ಪೇಪರ್‌ನಲ್ಲಿ ನಮ್ಮೂರ ಹೆಸರು ಬರೋದು ಹೂಳಿನ ಜೊತೆಗೇ. ತುಂಗಭದ್ರಾ ಡ್ಯಾಂ 133 ಟಿಎಂಸಿ ಹಿಡಿತಿತ್ತು, ಈಗ 105ರ ಆಸುಪಾಸು. ಆ ನಷ್ಟ ತುಂಬಿಸಲು ನವಲಿಯಲ್ಲಿ ಸಮಾನಾಂತರ ಜಲಾಶಯ ಅಂತ ಬಜೆಟ್‌ನಾಗ ಹೇಳ್ತಾನೇ ಬಂದಾರ. ಮ್ಯಾಲಿನ ಗುಡ್ಡ ಅಗೆದು, ಕಾಡು ಕಡಿದು ಲಾಭ ಉಂಡೋರು ಬ್ಯಾರೆ, ಆ ಮಣ್ಣಿನ ಲೆಕ್ಕಕ್ಕೆ ಹೊಲ ಕೊಡೋರು ಬ್ಯಾರೆ. ಡ್ಯಾಂ ಆದ್ರೆ ಬೋಟಿಂಗ್ ಬರತೈತಿ ಅಂತ ಈಗಲೇ ಕಟ್ಟಿ ಮ್ಯಾಲೆ ಮಾತು ಶುರು ಆಗೇತಿ! ನಮ್ಮ ಕೇರಿಯಾಗ ಪಟ್ಟಾ ಇಲ್ದೆ ಉಳುಮೆ ಮಾಡೋರು ಅದಾರ, ಬರೀ ಕೂಲಿ ನಂಬಿದೋರು ಅದಾರ. ಭೂಮಿ ಹೋದವರಿಗೆ ಪರಿಹಾರ ಅಂತಾರ, ಕೂಲಿ ಹೋದವರಿಗೆ?

ನನ್ನ ಅಸಲಿ ತಕರಾರು ಇಲ್ಲೈತಿ ನೋಡ್ರಿ. ಹೋಂಸ್ಟೇ ಅಂದ್ರೆ ಮನೆ. ರಸ್ತೆಗೆ ಹತ್ತಿದ, ನಾಲ್ಕು ರೂಮಿನ, ಬಾತ್‌ರೂಮಿನ ಮನೆ ಯಾರಿಗೈತಿ? ಆಶ್ರಯ ಯೋಜನೆಯ ಒಂದು ಪಡಸಾಲಿಯಾಗ ಆರು ಜನ ಮಲಗೋರು ಅತಿಥಿಯನ್ನ ಎಲ್ಲಿ ಮಲಗಿಸಬೇಕು? ಮಲಗಿಸಿದರೂ, ನಮ್ಮ ಒಲಿ ಮ್ಯಾಲಿನ ರೊಟ್ಟಿ ಉಣ್ಣೋ ಗಿರಾಕಿ ಬರಬೇಕಲ್ಲ. ಇದೇ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕಟಿಂಗ್ ಅಂಗಡಿ, ಹೋಟೆಲ್ ಒಳಗೆ ಬಿಡದ ಊರಲ್ಲೇ 2014ರಲ್ಲಿ ನಮ್ಮವರ ಗುಡಿಸಲು ಸುಟ್ಟವು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಕೋರ್ಟ್ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹೋಟೆಲ್ ಬಾಗಿಲು ಅನ್ನೋದು ನಮ್ಮ ಜಿಲ್ಲೆಯಾಗ ಸಣ್ಣ ವಿಷಯ ಅಲ್ಲ. ಹಿಂಗಾಗಿ ಫ್ಯಾಕ್ಟರಿಯಾದ್ರೆ ಬೂದಿ ಗುಡಿಸೋದು ನಾವು, ಟೂರಿಸಂ ಆದ್ರೆ ಬಾಟಲಿ ಆರಿಸೋದು ನಾವು.

ಹಂಗಂತ ಟೂರಿಸಂ ಬ್ಯಾಡ ಅಂತಿಲ್ಲ. ಪಾರ್ಕಿಂಗ್, ತೆಪ್ಪ, ಕ್ಯಾಂಟೀನ್ ಹರಾಜಿನಾಗ ಎಸ್‌ಸಿ-ಎಸ್‌ಟಿ ಮಹಿಳಾ ಸಂಘಗಳಿಗೆ ಪಾಲು ಬರೆದು ಕೊಡ್ರಿ. ಹೋಂಸ್ಟೇ ಕಟ್ಟಾಕ ಕೇರಿಯೋರಿಗೆ ಸಾಲ, ಸಬ್ಸಿಡಿ ಕೊಡ್ರಿ. ಕಸ ಎತ್ತೋರಿಗೆ ಗ್ಲೌಸ್, ಪಿಎಫ್, ತಿಂಗಳ ಸಂಬಳ ಕೊಡ್ರಿ. ಇಷ್ಟನ್ನ ಒಂದು ಅರ್ಜಿ ಮಾಡಿ ಟೈಪ್ ಮಾಡಿಟ್ಟೀನಿ, ಕ್ಲರ್ಕ್ ಕೆಲಸ ಇಷ್ಟಕ್ಕಾದ್ರೂ ಉಪಯೋಗ ಆಗಲಿ. ಮುಂದಿನ ಗ್ರಾಮಸಭೆಯಲ್ಲಿ ಕೊಡೋದು. ಸಹಿ ಹಾಕೋರು ಭಾನುವಾರ ಮುಂಜಾನೆ ಕೇರಿಯ ಅಂಬೇಡ್ಕರ್ ಫೋಟೋ ಕಟ್ಟಿ ಹತ್ತಿರ ಬರ್ರಿ. ಪೆನ್ನು ನಾನೇ ತರ್ತೀನಿ.